ಕನಸಿನ ಪಟ್ಟಣದಲ್ಲಿ ನೆಲ ಯಾರದು?

ಹೊಸಕೋಟೆಯಿಂದ ಚಿಂತಾಮಣಿ ರಸ್ತೆ ಹಿಡಿದು ಹೊರಟರೆ, ಬೆಂಗಳೂರಿನ ಗೋದಾಮುಗಳ ಸಾಲು ತೆಳುವಾದ ಮೇಲೆ ನಂದಗುಡಿ ಸಿಗುತ್ತದೆ. ಹೊಸಕೋಟೆ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಒಂದರ ಮುಖ್ಯ ಊರು ಇದು. ಸುತ್ತ ಕೆಂಪು ನೆಲ. ರಾಗಿ ಹೊಲ, ಅದರೊಳಗೆ ಅವರೆ, ತೊಗರಿಯ ಅಕ್ಕಡಿ ಸಾಲು. ಕೊಳವೆಬಾವಿಯಲ್ಲಿ ನೀರು ಉಳಿದವರ ಹೊಲದಲ್ಲಿ ಹಿಪ್ಪುನೇರಳೆ, ಹೂಕೋಸು, ದ್ರಾಕ್ಷಿ ಚಪ್ಪರ. ನೀರು ಬತ್ತಿದವರ ಹೊಲದಲ್ಲಿ ನೀಲಗಿರಿ ತೋಪು. ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದ 2006ರಲ್ಲಿ ಸರ್ಕಾರ ಬೆಂಗಳೂರಿನ ಸುತ್ತ ಐದು ಉಪನಗರಗಳನ್ನು ಕಟ್ಟುವುದಾಗಿ ಹೇಳಿತು. ಬಿಡದಿ, ರಾಮನಗರ, ಸಾತನೂರು, ಸೋಲೂರುಗಳ ಜೊತೆಗೆ ಐದನೆಯ ಹೆಸರು ನಂದಗುಡಿಯದು. ಅದೇ ಆಸುಪಾಸಿನಲ್ಲಿ ಇದೇ ಹೋಬಳಿಯ ಹನ್ನೆರಡು ಸಾವಿರ ಎಕರೆಗೂ ಮಿಕ್ಕಿದ ಜಮೀನಿನಲ್ಲಿ ವಿಶೇಷ ಆರ್ಥಿಕ ವಲಯ ತರುವ ಪ್ರಸ್ತಾವವೂ ಬಂತು. ರೈತರು ಬೀದಿಗಿಳಿದರು. ವಲಯ ಬರಲಿಲ್ಲ, ಉಪನಗರವೂ ಕಾಗದದ ಮೇಲೆ ಉಳಿಯಿತು. ಆದರೆ ಒಮ್ಮೆ ನಕ್ಷೆಯೊಳಗೆ ಸೇರಿದ ಊರಿನ ನೆಮ್ಮದಿ ಮೊದಲಿನಂತೆ ಇರುವುದಿಲ್ಲ. ನಮ್ಮ ಸರ್ವೆ ನಂಬರ್ ಬಂದಿದೆಯೇ ಎಂಬ ಪ್ರಶ್ನೆ ಹೆಣ್ಣು ಕೊಡುವ ಮನೆಯಲ್ಲೂ, ಸಾಲ ಕೊಡುವ ಬ್ಯಾಂಕಿನಲ್ಲೂ ಏಳುತ್ತಲೇ ಇರುತ್ತದೆ.

ದೊಡ್ಡ ನಗರ ಉಸಿರು ಕಟ್ಟುವಂತಾದಾಗ ಅದರ ಸುತ್ತ ಹಸಿರಿನ ನಡುವೆ ಚಿಕ್ಕ ನಗರಗಳನ್ನು ಕಟ್ಟಿ ಜನರನ್ನು ಹಂಚಬೇಕು ಎಂಬ ಈ ಆಲೋಚನೆ ಬೆಂಗಳೂರಿನ ಯಾವ ಕಚೇರಿಯಲ್ಲೂ ಹುಟ್ಟಿದ್ದಲ್ಲ. ಅದಕ್ಕೊಂದು ವಂಶಾವಳಿ ಇದೆ. ಆ ವಂಶದ ಬುಡದಲ್ಲಿರುವುದು ಒಂದು ಕಾದಂಬರಿ: ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಕೊನೆಯ ದಶಕಗಳಲ್ಲಿ ಲಕ್ಷಾಂತರ ಜನ ಓದಿದ, ಇಂದು ನಮ್ಮಲ್ಲಿ ಹೆಚ್ಚಿನವರು ಹೆಸರನ್ನೂ ಕೇಳಿರದ ಒಂದು ಕಾದಂಬರಿ.

ಅಮೆರಿಕದ ಮ್ಯಾಸಚೂಸೆಟ್ಸ್‌ನ ಪತ್ರಕರ್ತ ಎಡ್ವರ್ಡ್ ಬೆಲಮಿ 1888ರಲ್ಲಿ 'ಲುಕಿಂಗ್ ಬ್ಯಾಕ್‌ವರ್ಡ್' ಪ್ರಕಟಿಸಿದ. ಜೂಲಿಯನ್ ವೆಸ್ಟ್ ಎಂಬ ಬಾಸ್ಟನ್ನಿನ ಸಿರಿವಂತ ಯುವಕನಿಗೆ ನಿದ್ದೆ ಬಾರದ ಕಾಯಿಲೆ. 1887ರ ಮೇ ತಿಂಗಳ ಕೊನೆಯಲ್ಲಿ ಒಂದು ರಾತ್ರಿ ನೆಲಮಾಳಿಗೆಯ ಕೋಣೆಯಲ್ಲಿ ಸಮ್ಮೋಹನದಿಂದ ನಿದ್ದೆಗೆ ಜಾರುತ್ತಾನೆ. ಏಳುವುದು 2000ನೇ ಇಸವಿಯಲ್ಲಿ. ಅಷ್ಟರಲ್ಲಿ ಬಡವ ಬಲ್ಲಿದ ಎಂಬುದೇ ಮುಗಿದುಹೋಗಿದೆ. ಕಾರ್ಖಾನೆ, ಅಂಗಡಿ, ರೈಲು ಎಲ್ಲವೂ ರಾಷ್ಟ್ರದ್ದು. ಇಪ್ಪತ್ತೊಂದನೆಯ ವಯಸ್ಸಿನಿಂದ ನಲವತ್ತೈದರವರೆಗೆ ಪ್ರತಿಯೊಬ್ಬರೂ 'ಕೈಗಾರಿಕಾ ಸೈನ್ಯ'ದಲ್ಲಿ ದುಡಿಯಬೇಕು; ಆಮೇಲೆ ಬದುಕೆಲ್ಲ ವಿಶ್ರಾಂತಿ. ನಾಣ್ಯ ನೋಟುಗಳಿಲ್ಲ. ಎಲ್ಲರಿಗೂ ಸಮನಾದ ವಾರ್ಷಿಕ ಪಾಲು, ಅದನ್ನು ಖರ್ಚು ಮಾಡಲು ಒಂದು ಕಾರ್ಡು. ಸಂಗೀತ ತಂತಿಯ ಮೂಲಕ ಮನೆಗೇ ಬರುತ್ತದೆ. ಮಳೆ ಬಂದರೆ ಒಬ್ಬೊಬ್ಬರೂ ಕೊಡೆ ಬಿಚ್ಚುವುದಿಲ್ಲ, ಇಡೀ ಬೀದಿಯ ಕಾಲುದಾರಿಗೆ ಒಂದೇ ಹೊದಿಕೆ ಇಳಿಯುತ್ತದೆ.

ಈ ಕಾದಂಬರಿಯ ಬಲ ಅದರ ಯಂತ್ರಗಳಲ್ಲಿಲ್ಲ, ಮೊದಲ ಅಧ್ಯಾಯದ ಒಂದು ಚಿತ್ರದಲ್ಲಿದೆ. ತನ್ನ ಕಾಲದ ಸಮಾಜವನ್ನು ಜೂಲಿಯನ್ ಒಂದು ದೊಡ್ಡ ಸಾರೋಟಾಗಿ ನೆನೆಯುತ್ತಾನೆ. ಮಣ್ಣುದಾರಿಯಲ್ಲಿ ಹಗ್ಗ ಕಟ್ಟಿಕೊಂಡು ಎಳೆಯುವವರು ಬಹುಜನ. ಮೇಲೆ ಗಾಳಿಗೆ ಮೈಯೊಡ್ಡಿ ಕೂತವರು ಕೆಲವರು. ಸಾರಥಿಯ ಹೆಸರು ಹಸಿವು. ಕೂತವರಿಗೂ ನೆಮ್ಮದಿಯಿಲ್ಲ, ಒಂದು ಕುಲುಕಿಗೆ ಕೆಳಗೆ ಬಿದ್ದರೆ ತಾವೇ ಹಗ್ಗ ಹಿಡಿಯಬೇಕು. ಏರು ಬಂದಾಗ ಎಳೆಯುವವರು ಕುಸಿಯುತ್ತಾರೆ. ಆಗ ಮೇಲಿನವರು ಮರುಗುತ್ತಾರೆ, ತಾಳ್ಮೆಯ ಮಾತು ಹೇಳುತ್ತಾರೆ, ಚಂದಾ ಎತ್ತಿ ಗಾಯಕ್ಕೆ ಮುಲಾಮು ಕೊಡಿಸುತ್ತಾರೆ. ಇಳಿಯುವುದೊಂದನ್ನು ಬಿಟ್ಟು ಎಲ್ಲವನ್ನೂ ಮಾಡುತ್ತಾರೆ. ಹಾಗೆ ಕೂತವರಿಗೆ ಒಂದು ಭ್ರಮೆ: ಎಳೆಯುವವರ ಮಣ್ಣೇ ಬೇರೆ, ತಮ್ಮ ಮಣ್ಣೇ ಬೇರೆ ಎಂದು. ಜಾತಿಯ ನಾಡಿನಲ್ಲಿ ಹುಟ್ಟಿದ ಓದುಗರಿಗೆ ಈ ಕೊನೆಯ ಮಾತು ನಾಟುವಷ್ಟು ಬೆಲಮಿಯ ಊರಿನವರಿಗೂ ನಾಟಿರಲಾರದು.

ಬೆಲಮಿ ಬರೆಯುತ್ತಿದ್ದ ಹೊತ್ತಿಗೆ ನಮ್ಮ ಸೀಮೆ ಹೇಗಿತ್ತು? ಧಾತು, ಈಶ್ವರ ಸಂವತ್ಸರಗಳ ಮಹಾಬರ, ಅಂದರೆ 1876ರಿಂದ 78ರವರೆಗಿನದು, ಮುಗಿದು ಹತ್ತು ವರ್ಷವಾಗಿತ್ತು. 1871ರ ಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷದ ಹತ್ತಿರಕ್ಕೆ ಇಳಿದಿತ್ತು. ಬೆಂಗಳೂರು, ಕೋಲಾರದ ಈ ಬಯಲುಸೀಮೆ ಹೆಚ್ಚು ಜನ ಸತ್ತ ಕಡೆಗಳಲ್ಲಿ ಒಂದು. ಅತ್ತ ಕೋಲಾರದ ಚಿನ್ನದ ಗಣಿಯಲ್ಲಿ ಲಂಡನ್ನಿನ ಷೇರುದಾರರಿಗಾಗಿ ಕೂಲಿಗಳು ಪಾತಾಳಕ್ಕೆ ಇಳಿಯತೊಡಗಿದ್ದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಆ ಗಣಿಗಳಿಗೆ. ಬೆಂಗಳೂರಿನ ಬೀದಿಗೆ ಬೆಳಕು ಬಂದದ್ದು 1905ರಲ್ಲಿ. ಬೆಲಮಿಯ ಸಾರೋಟಿನ ಹಗ್ಗ ಬಾಸ್ಟನ್ ಊರೊಳಗೇ ಮುಗಿಯುತ್ತದೆ. ನಿಜವಾದ ಸಾರೋಟಿನ ಹಗ್ಗ ಬಹಳ ಉದ್ದವಿತ್ತು, ಅದರ ತುದಿ ನಮ್ಮ ಕಡೆಗೂ ಚಾಚಿತ್ತು. ಆ ಕಾಲದ ಕನಸುಗಾರರಲ್ಲಿ ಹೆಚ್ಚಿನವರು ಅಷ್ಟು ದೂರ ನೋಡಲಿಲ್ಲ.

ನೋಡಿದ ಒಬ್ಬ ವಿಲಿಯಂ ಮಾರಿಸ್. ಕವಿ, ಬಟ್ಟೆ ಮತ್ತು ಗೋಡೆಕಾಗದಗಳ ವಿನ್ಯಾಸಕಾರ, ತನ್ನ ಕೈಯಲ್ಲೇ ಬಣ್ಣ ಅದ್ದಿ ನೇಯುತ್ತಿದ್ದ ಸಮಾಜವಾದಿ. 1887ರ ನವೆಂಬರ್ 13ರಂದು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಪೊಲೀಸರು ಪ್ರತಿಭಟನಕಾರರ ಮೇಲೆ ಎರಗಿದ 'ರಕ್ತ ಭಾನುವಾರ'ದ ಮೆರವಣಿಗೆಯಲ್ಲಿ ಅವನಿದ್ದ, ಆನಿ ಬೆಸೆಂಟರೂ ಇದ್ದರು. ಬೆಲಮಿಯ ಪುಸ್ತಕ ಓದಿ ಮಾರಿಸ್‌ಗೆ ಸಿಟ್ಟು ಬಂತು. ಇದೆಂಥ ಭವಿಷ್ಯ, ಎಲ್ಲೆಲ್ಲೂ ನಗರ, ಎಲ್ಲರೂ ಸೈನಿಕರು, ಕೆಲಸವೆಂದರೆ ನಲವತ್ತೈದಕ್ಕೆ ಬಿಟ್ಟು ಓಡಬೇಕಾದ ಶಿಕ್ಷೆ! 1889ರಲ್ಲಿ ತನ್ನ 'ಕಾಮನ್‌ವೀಲ್' ಪತ್ರಿಕೆಯಲ್ಲಿ ಕಟುವಾದ ವಿಮರ್ಶೆ ಬರೆದ. ಅಷ್ಟಕ್ಕೆ ಸಮಾಧಾನವಾಗದೆ ಮರುವರ್ಷ ಅದೇ ಪತ್ರಿಕೆಯಲ್ಲಿ ತನ್ನದೇ ಕನಸನ್ನು ಕಂತುಗಳಲ್ಲಿ ಬರೆದ. ಅದೇ 'ನ್ಯೂಸ್ ಫ್ರಮ್ ನೋವೇರ್'.

ಅಲ್ಲಿ ಗೆಸ್ಟ್ ಎಂಬ ನಿರೂಪಕ ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ ಒಂದು ಬೆಳಿಗ್ಗೆ ಏಳುತ್ತಾನೆ. ಕಾರ್ಖಾನೆಗಳ ಹೊಗೆ ಇಲ್ಲ, ಥೇಮ್ಸ್ ನದಿಯಲ್ಲಿ ಸಾಲ್ಮನ್ ಮೀನು ಮರಳಿ ಬಂದಿದೆ. ದೋಣಿ ನಡೆಸಿದವನಿಗೆ ದುಡ್ಡು ಕೊಡಲು ಹೋದರೆ ಅವನಿಗೆ ಅದೇನೆಂದು ತಿಳಿಯುವುದಿಲ್ಲ. ಟ್ರಫಾಲ್ಗರ್ ಚೌಕ ಹಣ್ಣಿನ ತೋಟವಾಗಿದೆ. ಪಾರ್ಲಿಮೆಂಟ್ ಭವನದಲ್ಲಿ ಗೊಬ್ಬರ ಶೇಖರಿಸುತ್ತಾರೆ. ಮಾರಿಸ್‌ನ ಜನ ಕೆಲಸಕ್ಕಾಗಿ ಹಾತೊರೆಯುತ್ತಾರೆ, ಏಕೆಂದರೆ ಯಾರೂ ಅವರಿಂದ ಅದರ ಫಲವನ್ನು ಕಿತ್ತುಕೊಳ್ಳುವುದಿಲ್ಲ. ಹ್ಯಾಮಂಡ್ ಎಂಬ ಮುದುಕ ಕೂತು ಹಳೆಯ ಕಾಲದ ಕಥೆ ಹೇಳುತ್ತಾನೆ. ಬೇಡದ ಸರಕನ್ನು ರಾಶಿ ರಾಶಿ ತಯಾರಿಸಿ, ಅದನ್ನು ಮಾರಲು ದೂರದ ದೇಶಗಳ ಮೇಲೆ ಬಿದ್ದು ಅಲ್ಲಿನವರ ಬದುಕನ್ನು ಮುರಿದ ಜಾಗತಿಕ ಮಾರುಕಟ್ಟೆಯ ಕಥೆ ಅದು. ಇಂಗ್ಲೆಂಡಿನ ಅಂದಿನ ಎಷ್ಟು ಲೇಖಕರು ಇಷ್ಟು ನೇರವಾಗಿ ಬರೆದರು? ಕಾದಂಬರಿ ಮುಗಿಯುವುದು ನದಿಯ ಮೇಲ್ದಂಡೆಯ ಹಳ್ಳಿಯೊಂದರಲ್ಲಿ, ಹುಲ್ಲು ಕೊಯ್ಲಿನ ಹಬ್ಬದಲ್ಲಿ. ಭವಿಷ್ಯವನ್ನು ಹುಡುಕಿ ಹೊರಟವನು ಹೊಲಕ್ಕೆ ಬಂದು ಸೇರುತ್ತಾನೆ.

ಕೆಲಸದಲ್ಲೇ ಸಂತೋಷ, ಬೇಕಾದಷ್ಟೇ ಗಳಿಕೆ ಎಂಬ ಮಾತು ಕನ್ನಡದವರಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರು ಕಾಯಕ, ದಾಸೋಹಗಳ ಬಗ್ಗೆ ಆಡಿದ ಮಾತನ್ನೇ ಮಾರಿಸ್ ಬೇರೆ ದಾರಿಯಿಂದ ತಲುಪಿದ ಎನಿಸುತ್ತದೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಈ ಅತಿಯಾಸೆ ನಮಗೇಕೆ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ಲಕ್ಕಮ್ಮ ಗಂಡನನ್ನು ತಿರುಗಿ ಕಳಿಸಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಹ್ಯಾಮಂಡ್ ಮುದುಕ ಪುಟಗಟ್ಟಲೆ ವಿವರಿಸಿದ್ದನ್ನು ಲಕ್ಕಮ್ಮ ಬಾಗಿಲಲ್ಲೇ ನಿಂತು ಮುಗಿಸಿಬಿಟ್ಟಳು. ಅದೇ ರೀತಿ, ರಾಗಿಗೂ ಅಕ್ಕಿಗೂ ಜಗಳ ಹಚ್ಚಿ ಕೊನೆಗೆ ಬಡವರ ಧಾನ್ಯವನ್ನು ಗೆಲ್ಲಿಸಿದ ಕನಕದಾಸರ 'ರಾಮಧಾನ್ಯ ಚರಿತೆ'ಯನ್ನು ರಾಗಿ ಸೀಮೆಯ ಈ ನಂದಗುಡಿಯ ಮಣ್ಣಿನ ಮೇಲೆ ನಿಂತು ಓದಿದರೆ ಅದು ಬರೀ ಭಕ್ತಿಕಾವ್ಯವಾಗಿ ಕಾಣುವುದಿಲ್ಲ.

ಆದರೆ ನಮ್ಮ ಪರಂಪರೆಯಲ್ಲಿ ನಾಳೆಯ ಕಥೆ ಹೇಳುವ ಬಗೆಯೇ ಬೇರೆಯಾಗಿತ್ತು. ನಂದಗುಡಿಯಿಂದ ಚಿಂತಾಮಣಿ ದಾರಿಯಲ್ಲೇ ಮುಂದೆ ಹೋದರೆ ಕೈವಾರ. ಬಳೆ ಮಾರುತ್ತಿದ್ದ ನಾರೇಯಣಪ್ಪ ಯೋಗಿಯಾಗಿ, ಜನರ ಬಾಯಲ್ಲಿ ಕೈವಾರ ತಾತಯ್ಯನಾಗಿ, ಕಾಲಜ್ಞಾನ ಹೇಳಿದ ಊರು. ಈ ಭಾಗದ ಹಿರಿಯರು ಇಂದಿಗೂ ಏನಾದರೂ ವಿಪರೀತ ನಡೆದರೆ ತಾತಯ್ಯ ಅಂದೇ ಹೇಳಿದ್ದರು ಎನ್ನುತ್ತಾರೆ. ಕಾಲಜ್ಞಾನ ಎಚ್ಚರಿಸುತ್ತದೆ, ಕೆಡುವುದನ್ನು ಮುಂಚೆಯೇ ಹೇಳಿ ಮನಸ್ಸನ್ನು ಗಟ್ಟಿ ಮಾಡುತ್ತದೆ. ಬೆಲಮಿ, ಮಾರಿಸ್ ಮಾಡಿದ್ದು ಇನ್ನೊಂದನ್ನು. ನಾಳೆಯ ಬೀದಿ, ಅಡುಗೆಮನೆ, ಕೂಲಿ, ಕೋರ್ಟು, ಶಾಲೆ ಹೀಗಿರಬಹುದು ಎಂದು ವಿವರ ವಿವರವಾಗಿ ಬರೆದು, ಬೇಡವೆಂದರೆ ಯಾಕೆ ಬೇಡ ಹೇಳಿ ಎಂದು ಓದುಗರನ್ನು ವಾದಕ್ಕೆ ಕರೆದರು. ಓದುಗರೂ ಬಂದರು. ಬೆಲಮಿಯ ಹೆಸರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಸಂಘಗಳು ಎದ್ದವು. ಥಿಯಾಸಫಿಯ ಬ್ಲಾವಟ್ಸ್ಕಿ ಆ ಕಾದಂಬರಿಯನ್ನು ಮೆಚ್ಚಿ ಬರೆದರು. ಲಂಡನ್ನಿನ ಸಮಾಜವಾದಿ ವೇದಿಕೆಯಿಂದ ಥಿಯಾಸಫಿಗೆ ಬಂದ ಆನಿ ಬೆಸೆಂಟರು 1917ರಲ್ಲಿ ಬೆಂಗಳೂರಿನ ಬಸವನಗುಡಿಯಲ್ಲಿ ನ್ಯಾಷನಲ್ ಹೈಸ್ಕೂಲಿಗೆ ಕಾರಣರಾದರು.

ಈ ಕಾದಂಬರಿಗಳಲ್ಲಿ ಒಂದು ದೊಡ್ಡ ಕೊರತೆಯಿದೆ. ಬೆಲಮಿ ಹೆಂಗಸರಿಗೆ ಬೇರೆಯೇ ಸೈನ್ಯವನ್ನು, ಹಗುರ ಕೆಲಸವನ್ನು ಕೊಟ್ಟ. ಮಾರಿಸ್‌ನ ಸ್ವತಂತ್ರ ಸಮಾಜದಲ್ಲೂ ಬಡಿಸುವವರು ಹೆಂಗಸರೇ, ಅದೂ ಖುಷಿಯಿಂದ. ಇದಕ್ಕೆ ಉತ್ತರ ಬಂದದ್ದು ನಮ್ಮ ದೇಶದಿಂದ. ಬಂಗಾಳದ ರುಕಿಯಾ ಸಖಾವತ್ ಹುಸೇನ್ ಅವರು 1905ರಲ್ಲಿ ಮದರಾಸಿನ 'ಇಂಡಿಯನ್ ಲೇಡೀಸ್ ಮ್ಯಾಗಜೀನ್'ನಲ್ಲಿ 'ಸುಲ್ತಾನಾಸ್ ಡ್ರೀಮ್' ಎಂಬ ಪುಟ್ಟ ಕಥೆ ಪ್ರಕಟಿಸಿದರು. ಅಲ್ಲಿ ಗಂಡಸರು ಮನೆಯೊಳಗೆ, ಹೆಂಗಸರು ವಿಶ್ವವಿದ್ಯಾಲಯದಲ್ಲಿ. ಅಡುಗೆಗೆ ಬಿಸಿಲಿನ ಶಾಖ. ಮೋಡಗಳ ಮೇಲೆ ಬಲೂನು ತೇಲಿಸಿ ಬೇಕಾದಷ್ಟು ನೀರನ್ನು ಎಳೆದುಕೊಳ್ಳುತ್ತಾರೆ, ಹೊಲ ಉಳುವುದು ವಿದ್ಯುತ್ತಿನಿಂದ. ಸಾವಿರ ಅಡಿ ಕೊರೆಸಿದರೂ ನೀರು ಸಿಗದ ಕೊಳವೆಬಾವಿಯ ಮುಂದೆ ನಿಂತ ಹೆಣ್ಣುಮಗಳಿಗೆ ಆ ಕಥೆ ಓದಿ ಹೇಳಿದರೆ ಅವಳು ಅದನ್ನು ಕಟ್ಟುಕಥೆ ಎನ್ನುವುದಿಲ್ಲ, ಆ ಬಲೂನು ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾಳೆ.

ಕಾದಂಬರಿಯಿಂದ ನಕ್ಷೆಗೆ

ಈಗ ನಂದಗುಡಿಯ ನಕ್ಷೆಯ ಕಥೆಗೆ ಬರೋಣ. ಲಂಡನ್ನಿನಲ್ಲಿ ಎಬೆನೆಜರ್ ಹೊವಾರ್ಡ್ ಎಂಬ ಶೀಘ್ರಲಿಪಿಗಾರನಿದ್ದ. ಪಾರ್ಲಿಮೆಂಟಿನಲ್ಲಿ, ಕೋರ್ಟುಗಳಲ್ಲಿ ಬೇರೆಯವರ ಮಾತು ಬರೆದುಕೊಳ್ಳುವುದೇ ಹೊಟ್ಟೆಪಾಡು. ಎಳೆ ವಯಸ್ಸಿನಲ್ಲಿ ಅಮೆರಿಕದ ನೆಬ್ರಾಸ್ಕಕ್ಕೆ ಹೋಗಿ ಬೇಸಾಯ ಮಾಡಿ ಸೋತು ಬಂದವನು. ಯಾರೋ ಕೊಟ್ಟ ಬೆಲಮಿಯ ಪುಸ್ತಕವನ್ನು ಒಂದೇ ಬಾರಿಗೆ ಕೂತು ಓದಿ, ಮರುದಿನ ಲಂಡನ್ನಿನ ಕಿಕ್ಕಿರಿದ ಬೀದಿಗಳಲ್ಲಿ ನಡೆದಾಗ ಅವನ ಕಣ್ಣಿಗೆ ಆ ನಗರ ಶಾಶ್ವತವಾಗಿ ಕಾಣಲಿಲ್ಲ, ಕಳಚಿ ಮತ್ತೆ ಕಟ್ಟಬಹುದಾದ ತಾತ್ಕಾಲಿಕ ವ್ಯವಸ್ಥೆಯಾಗಿ ಕಂಡಿತು. ಪುಸ್ತಕ ಇಂಗ್ಲೆಂಡಿನಲ್ಲಿ ಪ್ರಕಟವಾಗಲೆಂದು ತಾನೇ ಓಡಾಡಿದ. ಹತ್ತು ವರ್ಷ ಯೋಚಿಸಿ 1898ರಲ್ಲಿ ತನ್ನದೇ ಪುಸ್ತಕ ಬರೆದ. ಅದು 1902ರಲ್ಲಿ 'ಗಾರ್ಡನ್ ಸಿಟೀಸ್ ಆಫ್ ಟುಮಾರೊ' ಎಂಬ ಹೊಸ ಹೆಸರಿನಲ್ಲಿ ಬಂದು ಜಗತ್ತಿನ ನಗರ ಯೋಜನೆಯ ದಿಕ್ಕನ್ನೇ ಬದಲಿಸಿತು.

ಹೊವಾರ್ಡನ ಲೆಕ್ಕ ಬಹಳ ಸ್ಪಷ್ಟ. ಆರು ಸಾವಿರ ಎಕರೆ ಕೊಳ್ಳಬೇಕು. ಅದರಲ್ಲಿ ಊರಿಗೆ ಒಂದೇ ಸಾವಿರ ಎಕರೆ, ಉಳಿದ ಐದು ಸಾವಿರ ಎಕರೆ ಹೊಲ, ಹುಲ್ಲುಗಾವಲು, ತೋಪು. ಊರಿನಲ್ಲಿ ಮೂವತ್ತು ಸಾವಿರ ಜನ, ಹೊಲದ ಕಡೆ ಎರಡು ಸಾವಿರ. ನಡುವೆ ಉದ್ಯಾನ, ಸುತ್ತ ಅಗಲವಾದ ಬೀದಿಗಳು, ಅಂಚಿನಲ್ಲಿ ಕಾರ್ಖಾನೆ, ಅದರಾಚೆ ಬೇಸಾಯ. ಜನ ತುಂಬಿದರೆ ಹೊಲ ನುಂಗುವಂತಿಲ್ಲ, ಹೊಲದಾಚೆ ಇನ್ನೊಂದು ಊರು ಕಟ್ಟಬೇಕು. ಹಳ್ಳಿಯ ಗಾಳಿ, ಪಟ್ಟಣದ ಕೂಲಿ ಎರಡೂ ಒಂದೇ ಕಡೆ ಸಿಗಬೇಕು ಎಂಬುದು ಅವನ ಆಸೆ.

ಇಷ್ಟನ್ನು ಎಲ್ಲ ಯೋಜನಾಕಾರರೂ ಓದಿದ್ದಾರೆ. ಆ ದುಂಡಗಿನ ಚಿತ್ರ ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ಹೊವಾರ್ಡನ ಜೀವ ಇದ್ದದ್ದು ಆ ಚಿತ್ರದಲ್ಲಲ್ಲ, ಜಮೀನಿನ ಲೆಕ್ಕದಲ್ಲಿ. ಬಯಲಿನಲ್ಲಿ ಊರು ಎದ್ದ ಕೂಡಲೇ ಎಕರೆಗೆ ನಲವತ್ತು ಪೌಂಡಿನ ಹೊಲದ ಬೆಲೆ ಹತ್ತಾರು ಪಟ್ಟು ಏರುತ್ತದೆ. ಆ ಏರಿಕೆ ಯಾವ ಒಬ್ಬನ ದುಡಿಮೆಯೂ ಅಲ್ಲ, ಅಲ್ಲಿ ಬಂದು ನೆಲೆಸಿದ ಜನರೆಲ್ಲ ಸೇರಿ ಹುಟ್ಟಿಸಿದ್ದು. ಹಾಗಾದರೆ ಅದು ಯಾರಿಗೆ ಸೇರಬೇಕು? ಹೊವಾರ್ಡನ ಉತ್ತರ: ಊರಿಗೆ. ಅದಕ್ಕಾಗಿ ನೆಲವನ್ನು ಮಾರಬಾರದು. ಇಡೀ ಆರು ಸಾವಿರ ಎಕರೆ ಊರಿನ ಹೆಸರಿನ ಟ್ರಸ್ಟಿನಲ್ಲಿ ಇರಬೇಕು, ಮನೆ ಕಟ್ಟುವವನಿಗೂ ಉಳುವವನಿಗೂ ಗುತ್ತಿಗೆಗೆ ಕೊಡಬೇಕು. ಏರುವ ಬಾಡಿಗೆಯಿಂದ ಮೊದಲು ಸಾಲ ತೀರಿಸಿ, ಆಮೇಲೆ ಶಾಲೆ, ಆಸ್ಪತ್ರೆ, ಮುಪ್ಪಿನ ಪಿಂಚಣಿ ಎಲ್ಲವನ್ನೂ ನಡೆಸಬೇಕು. ತನ್ನ ಚಿತ್ರದ ಕೆಳಗೆ ಅವನೊಂದು ಎಚ್ಚರಿಕೆಯನ್ನೂ ಬರೆದಿದ್ದ: ಜಾಗ ಗೊತ್ತಾಗುವವರೆಗೆ ನಿಜವಾದ ನಕ್ಷೆ ಬರೆಯಲು ಬಾರದು ಎಂದು. ನಮ್ಮಲ್ಲಿ ನಕ್ಷೆ ಮೊದಲು ಬರುತ್ತದೆ, ಜಾಗದ ಜನರಿಗೆ ವಿಷಯ ಪತ್ರಿಕೆಯಿಂದ ತಿಳಿಯುತ್ತದೆ.

ಇದು ಬರೀ ಕನಸಾಗಿ ಉಳಿಯಲಿಲ್ಲ. 1903ರಲ್ಲಿ ಲಂಡನ್ನಿನ ಉತ್ತರಕ್ಕೆ ಲೆಚ್‌ವರ್ತ್ ಎಂಬಲ್ಲಿ 3,818 ಎಕರೆ ಕೊಂಡು ಕೆಲಸ ಶುರುವಾಯಿತು. ಊರಿನ ವಿನ್ಯಾಸ ಮಾಡಿದವರು ರೇಮಂಡ್ ಅನ್ವಿನ್ ಮತ್ತು ಬ್ಯಾರಿ ಪಾರ್ಕರ್. ಅನ್ವಿನ್ ಯೌವನದಲ್ಲಿ ಮಾರಿಸ್‌ನ ಸಮಾಜವಾದಿ ಸಂಘದಲ್ಲಿ ದುಡಿದವನು, 'ಕಾಮನ್‌ವೀಲ್'ಗೆ ಬರೆದವನು. ಹೀಗೆ ಕಾಗದದ ಮೇಲೆ ಜಗಳವಾಡಿದ ಬೆಲಮಿಯೂ ಮಾರಿಸ್‌ನೂ ತಮ್ಮ ಓದುಗರ ಮೂಲಕ ಒಂದೇ ಊರಿನಲ್ಲಿ ಕೂಡಿದರು. ಅಲ್ಲೂ ರಾಜಿಗಳಾದವು. ಬಂಡವಾಳ ಹಾಕಿದವರು ಹೊವಾರ್ಡನ ಹಲವು ಮಾತುಗಳನ್ನು ಮೊಟಕುಗೊಳಿಸಿದರು. 1960ರ ಸುಮಾರಿಗೆ ಇಡೀ ಎಸ್ಟೇಟನ್ನು ಲಾಭಕ್ಕಾಗಿ ಕಬಳಿಸುವ ಯತ್ನ ನಡೆದಾಗ ಊರಿನವರು ಹೋರಾಡಿ 1962ರಲ್ಲಿ ಪಾರ್ಲಿಮೆಂಟಿನಿಂದ ಕಾಯ್ದೆಯನ್ನೇ ತಂದು ಉಳಿಸಿಕೊಂಡರು. ಇಂದು ಆ ನೆಲದ ಬಹುಭಾಗ ಒಂದು ಪ್ರತಿಷ್ಠಾನದ ಕೈಯಲ್ಲಿದೆ. ಬಾಡಿಗೆ ಬಂದದ್ದು ಊರಿನ ಕೆಲಸಕ್ಕೇ ಹೋಗುತ್ತದೆ. ಒಂದು ಕಾದಂಬರಿ ಓದಿದ ಗುಮಾಸ್ತನ ಲೆಕ್ಕ ಶತಮಾನ ದಾಟಿ ನಡೆಯುತ್ತಿದೆ.

ಹೊವಾರ್ಡನ ಪುಸ್ತಕ ಬಂದ 1898ರಲ್ಲೇ ಬೆಂಗಳೂರಿಗೆ ಪ್ಲೇಗು ಬಂತು. ಗಿಜಿಗುಟ್ಟುವ ಪೇಟೆಯಿಂದ ಜನ ಹೊರಗೆ ಓಡಿದರು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಆ ಹೊಡೆತದಲ್ಲಿ. ಅಗಲ ಬೀದಿ, ಮನೆಯ ಹಿಂದೆ ಓಣಿ, ಗಾಳಿ ಬೆಳಕು, ಪಾರ್ಕು. ನಮ್ಮ ಮನಸ್ಸಿನಲ್ಲಿ ಒಳ್ಳೆಯ ಬಡಾವಣೆ ಎಂದರೆ ಇಂದಿಗೂ ಅದೇ ಚಿತ್ರ. ಆದರೆ ಅಲ್ಲಿ ಜಾತಿಗೊಂದು ಭಾಗ ಎಂದು ವಿಂಗಡಿಸಿದ್ದನ್ನು ನಗರದ ಚರಿತ್ರೆ ಬರೆದವರು ದಾಖಲಿಸಿದ್ದಾರೆ. ನೆಲ ಸೈಟಾಗಿ ಹಂಚಿಹೋಯಿತು, ಬೆಲೆಯ ಏರಿಕೆ ಸೈಟು ಸಿಕ್ಕವರ ಮನೆಗೆ ಹೋಯಿತು. ಉದ್ಯಾನನಗರಿ ಎಂಬ ಬಿರುದು ಬೆಂಗಳೂರಿಗೆ ಬಂದದ್ದು ಲಾಲ್‌ಬಾಗ್ ಮತ್ತು ಸಾಲುಮರಗಳಿಂದ. ಅದು ನ್ಯಾಯವಾದ ಬಿರುದೇ. ಆದರೆ ಹೊವಾರ್ಡನ ಉದ್ಯಾನನಗರಿಯಲ್ಲಿ ಮರಗಳಿಗಿಂತ ಮುಖ್ಯವಾಗಿದ್ದ ನೆಲದ ಒಡೆತನದ ಮಾತನ್ನು ಈ ಊರು ಎಂದೂ ಎತ್ತಿಕೊಳ್ಳಲಿಲ್ಲ.

ವಿಕ್ಟೋರಿಯನ್ ಕನಸುಗಾರರ ಒಂದು ಆಲೋಚನೆ ಮಾತ್ರ ನಮ್ಮ ಹಳ್ಳಿಗಳಲ್ಲಿ ನಿಜವಾಗಿ ಬೇರುಬಿಟ್ಟಿತು, ಅದು ಸಹಕಾರ. ಲೆಚ್‌ವರ್ತ್ ಕಟ್ಟುತ್ತಿದ್ದ ಕಾಲದಲ್ಲೇ, 1905ರಲ್ಲಿ, ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಅದರ ಮರಿಮೊಮ್ಮಕ್ಕಳನ್ನು ನೋಡಬೇಕಾದರೆ ನಂದಗುಡಿ ಕಡೆಯ ಯಾವುದೇ ಹಳ್ಳಿಯಲ್ಲಿ ಬೆಳಗಿನ ಆರು ಗಂಟೆಗೆ ಡೈರಿಯ ಮುಂದೆ ನಿಲ್ಲಬೇಕು. ಸ್ಟೀಲ್ ಕ್ಯಾನು, ಪ್ಲಾಸ್ಟಿಕ್ ಬಕೆಟ್ಟು, ಒಂದೂವರೆ ಲೀಟರಿನ ಚೊಂಬು ಹಿಡಿದು ಸಾಲು ನಿಂತಿರುತ್ತದೆ. ಹೆಚ್ಚಿನವರು ಹೆಂಗಸರು. ಸೆಕ್ರೆಟರಿ ಚಿಕ್ಕ ಲೋಟದಲ್ಲಿ ಸ್ಯಾಂಪಲ್ ತೆಗೆದು ಯಂತ್ರಕ್ಕೆ ಹಿಡಿಯುತ್ತಾನೆ. ಫ್ಯಾಟು ಎಷ್ಟು, ಡಿಗ್ರಿ ಎಷ್ಟು ಎಂದು ಪರದೆಯ ಮೇಲೆ ಬರುತ್ತದೆ. ಒಂದು ಚೀಟಿ. ಎರಡು ಎಕರೆಯವಳಿಗೂ, ಜಮೀನೇ ಇಲ್ಲದೆ ಬದುವಿನ ಹುಲ್ಲು ಕೊಯ್ದು ಒಂದು ಹಸು ಸಾಕಿದವಳಿಗೂ ಅದೇ ಅಳತೆ, ಅದೇ ದರ. ದುಡ್ಡು ಬ್ಯಾಂಕಿನ ಖಾತೆಗೆ, ಸಂಘಕ್ಕೆ ಲಾಭ ಬಂದರೆ ವರ್ಷಕ್ಕೊಮ್ಮೆ ಬೋನಸ್ಸು. ಸಂಘಗಳಲ್ಲಿ ರಾಜಕೀಯ ಇದೆ, ಚುನಾವಣೆಯ ಜಗಳ ಇದೆ. ಹಾಗಿದ್ದರೂ ಬೆಲಮಿ ಕಂಡ ಸಮಪಾಲಿನ ಹಂಚಿಕೆಗೆ, ಮಾರಿಸ್ ಬಯಸಿದ ಹೊಲದ ಪಕ್ಕದ ಬದುಕಿಗೆ ಇದಕ್ಕಿಂತ ಹತ್ತಿರವಾದುದನ್ನು ನಾನು ನಮ್ಮ ಸೀಮೆಯಲ್ಲಿ ಕಂಡಿಲ್ಲ.

ಹಣ ಮತ್ತು ಹೊಲ

ಉಪನಗರದ ನಕ್ಷೆಯಲ್ಲಿ ಆ ಡೈರಿ ಕಾಣುವುದಿಲ್ಲ. ಜಮೀನು ಹೋದ ಮೇಲೆ ಪರಿಹಾರ ಪಹಣಿಯಲ್ಲಿ ಹೆಸರಿದ್ದವರಿಗೆ ಸಿಗುತ್ತದೆ. ಬೇರೆಯವರ ಬದುವಿನ ಹುಲ್ಲಿನಿಂದ ಹಸು ಸಾಕಿದವಳ ಹೆಸರು ಯಾವ ಪಹಣಿಯಲ್ಲೂ ಇಲ್ಲ. 2013ರ ಭೂಸ್ವಾಧೀನ ಕಾಯ್ದೆ ಇಂಥವರನ್ನೂ ಬಾಧಿತ ಕುಟುಂಬವೆಂದು ಗುರುತಿಸಿತು. ಖಾಸಗಿ ಕಂಪನಿಗಾದರೆ ಶೇಕಡ 80, ಸರ್ಕಾರ ಮತ್ತು ಖಾಸಗಿ ಸಹಭಾಗಿತ್ವಕ್ಕಾದರೆ ಶೇಕಡ 70 ಕುಟುಂಬಗಳ ಒಪ್ಪಿಗೆ ಬೇಕು, ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕು ಎಂದಿತು. ಆದರೆ ನಮ್ಮ ರಾಜ್ಯದಲ್ಲಿ ಕೈಗಾರಿಕೆಗೆ ಜಮೀನು ಹೋಗುವುದು ಹೆಚ್ಚಾಗಿ 1966ರ ಕೆಐಎಡಿಬಿ (ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಕಾಯ್ದೆಯ ಅಡಿ. ಅಲ್ಲಿ ಇಂಥ ಒಪ್ಪಿಗೆಯ ಷರತ್ತಿಲ್ಲ. 1974ರಲ್ಲಿ ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣಾ ಕಾಯ್ದೆಗೆ ಆದ ತಿದ್ದುಪಡಿಯಿಂದ ಗೇಣಿದಾರ ಒಡೆಯನಾದ. ಅದೇ ಕಾಯ್ದೆಯ 2020ರ ತಿದ್ದುಪಡಿ ರೈತರಲ್ಲದವರಿಗೂ ಕೃಷಿಭೂಮಿ ಕೊಳ್ಳುವ ಬಾಗಿಲು ತೆರೆಯಿತು. ಒಂದೇ ಜೀವಮಾನದಲ್ಲಿ ಎರಡನ್ನೂ ಕಂಡ ಮನೆಗಳು ಈ ಹೋಬಳಿಯಲ್ಲಿವೆ.

ಪಕ್ಕದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಏನಾಯಿತೆಂದು ಎಲ್ಲರೂ ನೋಡಿದ್ದೇವೆ. ಹದಿಮೂರು ಹಳ್ಳಿಗಳ 1,777 ಎಕರೆಗಾಗಿ 2022ರಲ್ಲಿ ಶುರುವಾದ ರೈತರ ಧರಣಿ ಮೂರು ವರ್ಷ ದಾಟಿತು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಡುವುದಾಗಿ ಘೋಷಿಸಿದರು. ಅದೇ ವರ್ಷ ಬಿಡದಿಯ ಉಪನಗರ ಯೋಜನೆ ಹೊಸ ಹೆಸರಿನಲ್ಲಿ ಎದ್ದಿತು. 2006ರ ಪಟ್ಟಿಯ ಒಂದು ಹೆಸರು ಎದ್ದ ಮೇಲೆ ಉಳಿದ ಊರುಗಳು ಕಿವಿ ನಿಮಿರಿಸುವುದು ಸಹಜ.

ಧರಣಿ ಕೂತ ರೈತರನ್ನು ಅಭಿವೃದ್ಧಿಯ ವಿರೋಧಿಗಳು ಎಂದು ಕರೆಯುವುದು ರೂಢಿಯಾಗಿದೆ. ಇದು ತಪ್ಪು ಮಾತ್ರವಲ್ಲ, ಅನ್ಯಾಯ. ಅವರ ಮಕ್ಕಳು ಬೆಂಗಳೂರಿನ ಕಾಲೇಜುಗಳಲ್ಲಿ ಓದುತ್ತಿದ್ದಾರೆ, ಹೊಸಕೋಟೆಯ ಕೈಗಾರಿಕಾ ಪ್ರದೇಶದಲ್ಲಿ ಷಿಫ್ಟ್ ಮಾಡುತ್ತಿದ್ದಾರೆ. ಅವರಿಗೂ ಆಸ್ಪತ್ರೆ ಬೇಕು, ಒಳ್ಳೆಯ ರಸ್ತೆ ಬೇಕು. ತಮ್ಮ ನೆಲದ ಮೇಲೆ ಏಳುವ ಊರಿನಲ್ಲಿ ತಾವು ಯಾರಾಗಿರುತ್ತೇವೆ ಎಂಬುದು ಅವರ ಪ್ರಶ್ನೆ. ಜೂಲಿಯನ್ ವೆಸ್ಟ್ ನೂರು ವರ್ಷದ ಮೇಲೆ ಎದ್ದಾಗ ಅವನಿಗೆ ಮನೆಯಿತ್ತು, ಪಾಲಿತ್ತು, ಅವನ ಕೈಹಿಡಿದು ವಿವರಿಸುವ ಡಾಕ್ಟರಿದ್ದ. ಪರಿಹಾರದ ಹಣ ಮುಗಿದ ರೈತ ಅದೇ ಬಡಾವಣೆಯ ಗೇಟಿನಲ್ಲಿ ಸೆಕ್ಯೂರಿಟಿಯಾಗಿ ನಿಂತದ್ದನ್ನು ಬೆಂಗಳೂರಿನ ನಾಲ್ಕೂ ದಿಕ್ಕಿನಲ್ಲಿ ನೋಡಬಹುದು. ಎಕರೆಗೆ ಎಷ್ಟು ಕೋಟಿ ಎಂಬುದೇ ಮಾತಾದರೆ ಗೆದ್ದವನೂ ಒಮ್ಮೆ ಮಾತ್ರ ಗೆಲ್ಲುತ್ತಾನೆ. ಆಮೇಲಿನ ಏರಿಕೆಯೆಲ್ಲ ಇನ್ನೊಬ್ಬರದು.

ಈ ಸೀಮೆಯ ಎರಡು ನೆನಪುಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1934ರಲ್ಲೇ ದೇಶಕ್ಕೊಂದು ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕ ಬರೆದರು. ಶಿಸ್ತು, ಯಂತ್ರ, ಲೆಕ್ಕಗಳ ಮೇಲೆ ನಂಬಿಕೆಯಿಟ್ಟವರು. ಅಲ್ಲಿಂದ ಕೂಗಳತೆಯ ನಂದಿ ಬೆಟ್ಟದಲ್ಲಿ 1927ರಲ್ಲಿ ಗಾಂಧೀಜಿ ವಿಶ್ರಾಂತಿಗೆ ಉಳಿದಿದ್ದರು. ಇಂಗ್ಲೆಂಡಿನ ಚಿಂತಕ ರಸ್ಕಿನ್ನನ ಪುಸ್ತಕ ಓದಿ 1904ರಲ್ಲಿ ಫೀನಿಕ್ಸ್ ಆಶ್ರಮ ಕಟ್ಟಿದವರು ಅವರು. ಮಾರಿಸ್‌ಗೂ ಅದೇ ರಸ್ಕಿನ್ ಗುರು. ಇವರಿಬ್ಬರ ಹೆಸರಲ್ಲಿ ಕಾರ್ಖಾನೆಯ ಭವಿಷ್ಯ, ಹೊಲದ ಭವಿಷ್ಯ ಎಂದು ಎರಡು ಪಕ್ಷ ಕಟ್ಟಿ ಒಂದನ್ನು ಆರಿಸಿ ಎಂದು ಹಳ್ಳಿಗಳಿಗೆ ಹೇಳುವುದು ಸಾಕು. ಹೊವಾರ್ಡ್ ನೂರಿಪ್ಪತ್ತೈದು ವರ್ಷಗಳ ಹಿಂದೆಯೇ ಎರಡಕ್ಕೂ ಜಾಗ ಮಾಡಿ, ನೆಲವನ್ನು ಊರಿಗೇ ಬಿಟ್ಟು, ಪೈಸೆ ಪೈಸೆಯ ಲೆಕ್ಕ ತೋರಿಸಿದ.

ನಂದಗುಡಿಗೆ ಇನ್ನೊಮ್ಮೆ ನಕ್ಷೆ ಬರುವುದಾದರೆ ಸರ್ಕಾರ ಅದನ್ನು ಮೊದಲು ಗ್ರಾಮಸಭೆಯ ಮುಂದೆ ಹರಡಲಿ. ಊರಿನ ನೆಲವನ್ನು ಕ್ರಯಕ್ಕೆ ಕೇಳದೆ ಗುತ್ತಿಗೆಗೆ ಕೇಳಲಿ. ಏರುವ ಬೆಲೆಯಲ್ಲಿ ರೈತನಿಗೂ, ಪಹಣಿ ಇಲ್ಲದ ಹಾಲಿನವಳಿಗೂ ಶಾಶ್ವತ ಪಾಲು ಎಂದು ಆದೇಶದಲ್ಲೇ ಬರೆಯಲಿ. ಊರಿಗೆ ಆರರಲ್ಲಿ ಒಂದು ಪಾಲು, ಬೇಸಾಯಕ್ಕೆ ಐದು ಪಾಲು ಎಂಬ ಹೊವಾರ್ಡನ ಅಳತೆಯಿಂದ ಚರ್ಚೆ ಶುರುವಾಗಲಿ. ಮತ್ತು ಈ ಭಾಗದ ಹೊಸ ಬರಹಗಾರರಲ್ಲಿ ಒಂದು ಕೋರಿಕೆ: 2100ನೇ ಇಸವಿಯ ನಂದಗುಡಿಯ ಬಗ್ಗೆ ಒಂದು ಕಾದಂಬರಿ ಬರೆಯಿರಿ. ಇಲ್ಲಿಯ ಕೆರೆ, ಕಣ, ಡೈರಿ, ಕೇರಿ ಎಲ್ಲವೂ ಅದರಲ್ಲಿರಲಿ. ನೀವು ಬರೆಯದಿದ್ದರೆ ಅದನ್ನು ಕನ್ಸಲ್ಟೆಂಟ್ ಕಂಪನಿಯೊಂದು ಬರೆಯುತ್ತದೆ.